ಮಹಾಲಯ ಅಮಾವಾಸ್ಯೆಯಂದು ಮೂರು ಸಲ ಒಡೆದ ಕೆರೆ

ಒಂದೇ ಕೆರೆ, ಬೇರೆ ಬೇರೆ ಮೂರು ವರ್ಷಗಳಲ್ಲಿ, ಒಂದೇ ತಿಥಿಯಂದು ಒಡೆಯಿತು ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಆ ತಿಥಿಯನ್ನು ನಿಮಗೆ ಹೇಳಿದವರು ಯಾರು ಎಂದು. ಬಳ್ಳಾರಿಯ ನಮ್ಮ ಛಾಪಖಾನೆಯ ಯಜಮಾನರಿಗೂ ಅದನ್ನೇ ಕೇಳಿದೆ. ಅವರು ಕನ್ನಡಕ ತೆಗೆದು, ಊರಿಗೆ ಊರೇ ಹೇಳುತ್ತದೆ, ನಿನಗೊಬ್ಬನಿಗೆ ಸಾಕ್ಷಿ ಬೇಕೇನು ಎಂದರು.

ಮುಂದಿನ ಯುಗಾದಿಯ ಪಂಚಾಂಗಕ್ಕೆ ಅವರೊಂದು ಹೊಸ ಯೋಚನೆ ಮಾಡಿದ್ದರು. ದಂಡಿನ ಬಿಳಿಯ ದೊರೆಗಳು ಗೋಡೆಗೆ ತೂಗುಹಾಕುವ ಕ್ಯಾಲೆಂಡರುಗಳಲ್ಲಿ ತಾರೀಖಿನ ಪಕ್ಕದಲ್ಲೇ ಹಿಂದೆ ಅದೇ ದಿನ ನಡೆದ ಯುದ್ಧವೋ ಪಟ್ಟಾಭಿಷೇಕವೋ ಅಚ್ಚಾಗಿರುತ್ತದೆ. ನಮ್ಮ ಪಂಚಾಂಗದಲ್ಲೂ ತಿಥಿಯ ಪಕ್ಕ ನಮ್ಮ ಸೀಮೆಯ ಸಂಗತಿಗಳನ್ನು ಹಾಕಬೇಕು, ಅದರಲ್ಲೂ ಒಂದೇ ತಿಥಿಯಲ್ಲಿ ಎರಡು ಮೂರು ಸಲ ನಡೆದದ್ದು ಸಿಕ್ಕರೆ ದಪ್ಪ ಅಕ್ಷರದಲ್ಲಿ ಹಾಕಬೇಕು ಎಂಬುದು ಅವರ ಆಸೆ. ಕರಡು ತಿದ್ದುವ ನನಗೆ ಸಂಗತಿ ಕೂಡಿಸುವ ಕೆಲಸವೂ ಬಂತು. ಬಹಳಷ್ಟು ಬೇಗ ಮುಗಿಯಿತು. ಕಷ್ಟಕ್ಕೆ ಸಿಕ್ಕಿಸಿದ್ದು ಭಾದ್ರಪದ ಬಹುಳ ಅಮಾವಾಸ್ಯೆಯ ಸಾಲು. ಕುರುಗೋಡಿನ ಗುಡ್ಡ ಬಳಸಿ ಹೋದರೆ ಸಿಗುವ ಒಂದು ಹಳ್ಳಿಯ ಕೆರೆ ಮೂರು ಸಲವೂ ಅದೇ ದಿನ ಒಡೆದು ಜನ ಕೊಚ್ಚಿಕೊಂಡು ಹೋಗಿದ್ದರಂತೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯ ಜನ ನನ್ನನ್ನು ಇನ್ನೂ ನೆನೆಯುತ್ತಾರೆ, ಎಲ್ಲರೂ ಒಂದೇ ಬಗೆಯಲ್ಲಿ ಅಲ್ಲ.

ಹೋಗಿ ವಿಚಾರಿಸಿ, ಅಲ್ಲಿಯ ಕರಣಂ ರಾಯರಿಂದ ಹೌದೆನ್ನಿಸಿಕೊಂಡು ಬಾ ಎಂದು ಯಜಮಾನರು ಕಳಿಸಿದರು. ನಾನು ಹೊರಟದ್ದು ಸುಳ್ಳೆಂದು ತೋರಿಸಲು. ಸೋದರಮಾವನ ಹತ್ತಿರ ತರ್ಕ ಓದಿ, ಆಮೇಲೆ ಹೈಸ್ಕೂಲಿನ ಚರ್ಚಾಕೂಟದಲ್ಲಿ ಎರಡೂ ಪಕ್ಷ ಹಿಡಿದು ಗೆದ್ದವನಿಗೆ ಇಂಥದ್ದು ಕೈಗೆ ಸಿಕ್ಕರೆ ಬಿಡಲು ಮನಸ್ಸು ಬರುವುದಿಲ್ಲ.

ಪಿತೃಪಕ್ಷ ಆಗಲೇ ಶುರುವಾಗಿತ್ತು. ಕರಣಂ ರಾಯರು ನನ್ನನ್ನು ಮನೆಯವನಂತೆ ಬರಮಾಡಿಕೊಂಡರು. ಊರಿನ ಲೆಕ್ಕಪತ್ರ ಅವರದು, ಕೆರೆಯ ಕೆಳಗಿನ ಗದ್ದೆಯಲ್ಲಿ ದೊಡ್ಡ ಪಾಲೂ ಅವರದು. ಊಟಕ್ಕೆ ಕುಳಿತಾಗ ನಾನು ಬಂದ ಕಾರಣ ಹೇಳಿದೆ. ಅವರು ತುತ್ತು ಕೆಳಗಿಟ್ಟು ನಕ್ಕರು. ಅದು ಶುದ್ಧ ಸುಳ್ಳು, ಆ ಸುಳ್ಳಿನಿಂದ ವರ್ಷವರ್ಷವೂ ತಮ್ಮ ಭತ್ತ ಒಣಗುತ್ತಿದೆ ಎಂದರು. ಆ ಊರಲ್ಲೊಂದು ನಡಾವಳಿ ಇದೆ. ಮಹಾಲಯ ಅಮಾವಾಸ್ಯೆಯ ದಿನ ಕೆರೆಯ ತೂಬಿನ ಗೂಟ ಪೂರ್ತಿ ಎತ್ತಿಬಿಡುತ್ತಾರೆ. ತೂಬಿನ ಕಲ್ಲುಮೆಟ್ಟಿಲುಗಳಲ್ಲಿ ನಾಲ್ಕು ಬರಿದಾಗಿ ಕಾಣುವವರೆಗೆ ನೀರು ದಿನಗಟ್ಟಲೆ ಹಳ್ಳಕ್ಕೆ ಹರಿದುಹೋಗುತ್ತದೆ. ಕೆರೆ ಒಡೆಯುವ ದಿನವಲ್ಲವೇ, ಭಾರ ಇಳಿಸಬೇಕು ಎಂಬುದು ಮಾತು. ಈ ಸಲ ಗೂಟ ಎತ್ತಗೊಡುವುದಿಲ್ಲ ಎಂದು ರಾಯರು ಪಟ್ಟು ಹಿಡಿದಿದ್ದರು. ಏರಿಯ ಬುಡಕ್ಕೆ ಹತ್ತಿಕೊಂಡೇ ಇರುವ ಕೆಳಗೇರಿಯವರು ಎತ್ತಿಯೇ ಎತ್ತುತ್ತೇವೆ ಎನ್ನುತ್ತಿದ್ದರು. ಊರ ಗೌಡರು ಎರಡೂ ಕಡೆ ತಲೆಯಾಡಿಸಿ ಕೂತಿದ್ದರು.

“ನೀನು ಪಂಚಾಂಗದಾಂವ. ಚತುರ್ದಶಿ ದಿನ ಚಾವಡಿಯೊಳಗ ನಾಕು ಮಂದಿ ಮುಂದ ಹೇಳಿಬಿಡು, ಆ ದಿನ ಒಡದಿಲ್ಲ ಅಂತ. ಗೌಡ ಅದರಂತೆ ನಡೀತಾನ. ಅಷ್ಟ ಸಾಕು ನನಗ,” ಎಂದರು ರಾಯರು.

ಸಿದ್ಧವಾದರೆ ಹೇಳುತ್ತೇನೆ ಎಂದೆ. ಸಿದ್ಧವಾಗುವುದರಲ್ಲಿ ನನಗೆ ಸಂಶಯವಿರಲಿಲ್ಲ. ಕೈ ತೊಳೆಯುವಾಗ ಅವರು ಮಾತಿಗೆ ಮಾತು ಬಂದು ಹೇಳಿದರು, ಎರಡನೆಯ ಸಲ ಒಡೆದಾಗ ತಮ್ಮ ದೊಡ್ಡಪ್ಪನೂ ಹೋದರು, ಹೆಣ ಸಿಗಲಿಲ್ಲ, ಎಲ್ಲಿಯೋ ದಡ ಹತ್ತಿರಬಹುದು ಎಂದು ಅಜ್ಜಿ ಎಷ್ಟೋ ವರ್ಷ ಊಟದ ಹೊತ್ತಿಗೆ ಅವರದೊಂದು ಎಲೆ ಹಾಕಿಸುತ್ತಿದ್ದಳು ಎಂದು. ನಾನು ಅದನ್ನು ಕರುಣೆಯ ಕಥೆಯೆಂದು ಕೇಳಿ ಬಿಟ್ಟೆ. ಸಾಕ್ಷಿಯೆಂದು ಹೊಳೆಯಲಿಲ್ಲ.

ಮರುದಿನ ಕೆಳಗೇರಿಗೆ ಹೋದೆ. ಮಣ್ಣಿನ ಮಾಳಿಗೆ ಮನೆಗಳು, ಹಿಂದಿನ ಗೋಡೆಯ ಮೇಲೆಯೇ ಏರಿ ನಿಂತಂತೆ ಕಾಣುತ್ತದೆ. ಅಲ್ಲಿ ಎಲ್ಲರ ಪರವಾಗಿ ಮಾತಾಡುವವಳು ಒಬ್ಬಳೇ ಹೆಣ್ಣುಮಗಳು, ಐವತ್ತು ದಾಟಿದವಳು, ಒಕ್ಕಲುತನದ ಮನೆಯ ಯಜಮಾನತಿ. ಓಣಿಯವರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಎಂದೆ. ಅವಳು ಹಣೆಯ ವಿಭೂತಿ ಅಳಿಸದಂತೆ ಬೆವರು ಒರೆಸಿಕೊಂಡು ನನ್ನ ಶಲ್ಯದಿಂದ ಕಾಲಿನ ಜೋಡಿನವರೆಗೆ ನೋಡಿದಳು.

“ರಾಯರ ಮನ್ಯಾಗ ಉಂಡು ಬಂದೀರಿ. ಸುಳ್ಳ ಅನ್ನಾಕ ಬಂದೀರೇನು?”

ಕೇಳಾಕ ಬಂದೀನಿ ಎಂದೆ. ಕೆರೆ ಯಾವ ದಿನ ಒಡೆಯಿತು? ಮಹಾಲಯ ಅಮಾಸಿ. ಮೂರೂ ಸಲ? ಮೂರೂ ಸಲ. ಪಕ್ಕದ ಮನೆಯಲ್ಲಿ ಕೇಳಿದೆ, ಅದೇ ಉತ್ತರ, ಅವೇ ಪದಗಳು, ಅದೇ ರಾಗ. ಹತ್ತು ಜನ ಒಂದೇ ಸಂಗತಿಯನ್ನು ಒಂದೇ ಮಾತಿನಲ್ಲಿ ಹೇಳಿದರೆ ಅವರು ಅದನ್ನು ಕಂಡದ್ದಲ್ಲ, ಕೇಳಿದ್ದು. ಕಂಡವರ ಮಾತು ಒಂದಕ್ಕೊಂದು ತುಸುವಾದರೂ ಹೊಂದುವುದಿಲ್ಲ. ಅಂದಿನಿಂದ ದಿನ ಯಾವುದೆಂದು ಕೇಳುವುದನ್ನೇ ಬಿಟ್ಟೆ. ದಿನದ ಸುತ್ತಲಿನದನ್ನು ಕೇಳತೊಡಗಿದೆ. ಹೊಲದಲ್ಲಿ ಏನಿತ್ತು? ಮನೆಯಲ್ಲಿ ಯಾವ ಹಬ್ಬದ ಸಾಮಾನು ಇತ್ತು? ಗಾಳಿ ಯಾವ ಕಡೆಯಿಂದ? ಯಾರು ಬಸುರಿ, ಯಾರು ಬಾಣಂತಿ?

ಈ ದಾರಿ ಹಿಡಿದದ್ದೇ ತಡ, ಅಕ್ಕನ ಬಾಯಿಂದಲೇ ಮೊದಲನೆಯದು ಬಿತ್ತು. ಮೂರನೆಯ ಸಲ, ಧಾತು, ಈಶ್ವರ ಸಂವತ್ಸರಗಳ ದೊಡ್ಡ ಬರ ಕಳೆದ ಮೇಲೆ ಒಡೆದಾಗ, ಅವಳು ಮಗಳನ್ನು ಹಡೆದು ಒಳಗೆ ಮಲಗಿದ್ದಳು. ಹೊರಗೆ ಸ್ವಾತಿ ಮಳೆ ಜಡಿಯುತ್ತಿತ್ತು. ಮೈದುನ ತಾಯಿ ಮಗು ಇಬ್ಬರನ್ನೂ ಹೊತ್ತು ಗುಡ್ಡದ ಕಡೆ ಹಾಯಿಸಿದ. ಗಂಡ ಕರುವಿನ ಕಣ್ಣಿ ಬಿಚ್ಚಲು ತಿರುಗಿ ಹೋದ. ಅಷ್ಟೇ.

ಸ್ವಾತಿ ಮಳೆ ಎಂದರೆ ದೀಪಾವಳಿಯ ಆಸುಪಾಸು. ಮಹಾಲಯ ಅಮಾವಾಸ್ಯೆಗೂ ಅದಕ್ಕೂ ತಿಂಗಳ ಅಂತರವಿದೆಯಲ್ಲ ಎಂದು ಕೇಳಿದೆ.

“ಐತಿ. ಯಾರು ಇಲ್ಲ ಅಂದ್ರು? ಅವಂಗ ಎಡಿ ಇಡೋದು ಅಮಾಸಿಗೇ.”

ಅವಳಿಗೆ ಅದರಲ್ಲಿ ತೊಡಕೇ ಕಾಣಲಿಲ್ಲ. ನನಗೆ ಮೈಯೆಲ್ಲ ಕಣ್ಣಾಯಿತು.

ಮೊದಲನೆಯ ಸಲದ್ದು ಅಜ್ಜಂದಿರ ಕಾಲದ್ದು. ಅದರ ನೆನಪು ಉಳಿದಿದ್ದದ್ದು ಕುರುಗೋಡಿನ ಒಂದು ಕುಂಬಾರರ ಮನೆಯಲ್ಲಿ. ಅವರ ಹಿರಿಯರು ಆಗ ಈ ಹಳ್ಳಿಯಲ್ಲಿದ್ದರು. ಸುಡಲು ಒಟ್ಟಿದ್ದ ಹಸಿ ಪಣತಿಗಳೆಲ್ಲ ಕರಗಿ ಮತ್ತೆ ಮಣ್ಣಾದವು, ಆ ಸಲ ಸುತ್ತಲಿನ ಊರುಗಳಲ್ಲಿ ದೀಪಾವಳಿಗೆ ಹಳೆಯ ಪಣತಿಗಳನ್ನೇ ಹಚ್ಚಿದರು ಎಂದು ಮನೆಯಲ್ಲಿ ಹೇಳುತ್ತಾ ಬಂದಿದ್ದಾರೆ. ಪಣತಿಯ ಒಟ್ಟಿಲು ಮಹಾಲಯಕ್ಕೆ ಏಳುವುದಿಲ್ಲ, ನವರಾತ್ರಿ ಕಳೆದು ಏಳುತ್ತದೆ. ಎರಡು ಬಿದ್ದವು, ಉಳಿದದ್ದು ಒಂದು.

ಎರಡನೆಯ ಸಲ ಮನೆ ಕಳೆದುಕೊಂಡ ಒಂದು ಕುಟುಂಬ ಸಿರುಗುಪ್ಪೆಗೆ ಹೋಗಿ ನೆಲೆಸಿದೆಯೆಂದು ತಿಳಿಯಿತು. ರಾಯರೇ ಗಾಡಿ ಕೊಟ್ಟರು. ತೆಕ್ಕಲಕೋಟೆ ದಾಟಿದ ಮೇಲೆ ಒಂದು ಅಡ್ಡಮಳೆ ಬಂದು ಎರೆಮಣ್ಣು ಗಾಲಿಗೆ ರೊಟ್ಟಿಯ ಹಿಟ್ಟಿನಂತೆ ಮೆತ್ತಿಕೊಂಡಿತು. ನಾನೂ ಗಾಡಿಯವನೂ ಹೆಜ್ಜೆ ಹೆಜ್ಜೆಗೆ ಇಳಿದು ಕೋಲಿನಿಂದ ಕೆರೆದು ಹಾಕುತ್ತ ನಡೆದೆವು. ಚತುರ್ದಶಿ ಹತ್ತಿರವಾಗುತ್ತಿತ್ತು. ಆ ಹೊಲಗಳ ನಡುವೆ ಸಿಕ್ಕಿಬಿದ್ದರೆ ಚಾವಡಿಯಲ್ಲಿ ನನ್ನ ಜಾಗ ಖಾಲಿ ಉಳಿಯುತ್ತದೆ ಎಂಬ ದಿಗಿಲು ಹಿಡಿದಿತ್ತು.

ಸಿರುಗುಪ್ಪೆಯ ಮುದುಕ ಹೊಳೆಯ ಕಡೆಯ ಓಣಿಯಲ್ಲಿ ಕಟ್ಟೆಯ ಮೇಲೆ ಕುಳಿತು ಪುಂಡಿನಾರು ಹೊಸೆಯುತ್ತಿದ್ದ. ಆಗ ಹತ್ತು ಹನ್ನೆರಡರ ಹುಡುಗ. ನಾನು ದಿನ ಕೇಳಲಿಲ್ಲ. ಆ ಸಂಜೆ ಏನು ಉಂಡಿರಿ ಎಂದು ಕೇಳಿದೆ. ಅವನ ಮುಖ ಅರಳಿತು. ಕಡಬು, ಪುಂಡಿಪಲ್ಯೆ, ಎಣ್ಣೆಗಾಯಿ. ಸೀಗಿ ಹುಣ್ಣಿಮೆಯಲ್ಲವೇ, ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗದ ಎಡೆ ಚೆಲ್ಲಿ ಬಂದಿದ್ದರು. ಮೂರು ದಿನ ಸುರಿದ ಮಳೆ ಅಂದು ನಿಂತು ಹೊಳವಾಗಿತ್ತು. ಏರಿ ಕುಸಿದ ಸದ್ದು ಕೇಳಿ ಮಾಳಿಗೆ ಹತ್ತಿದರೆ ತಮ್ಮ ಬಿಳಿ ಎತ್ತು ಕೊಂಬು ಮೇಲೆತ್ತಿಕೊಂಡು ತೇಲಿಹೋಗುವುದು ಬೆಳದಿಂಗಳಲ್ಲಿ ಕಾಣುತ್ತಿತ್ತಂತೆ.

ಅಮಾವಾಸ್ಯೆಯಂದು ಬೆಳದಿಂಗಳು! ನಾನು ನಕ್ಕುಬಿಟ್ಟೆ. ಮುದುಕ ಹೊಸೆಯುವುದನ್ನು ನಿಲ್ಲಿಸಿದ.

“ಯಾಕ ನಗತೀಪಾ? ನಮ್ಮಣ್ಣ ಅದರಾಗ ಹ್ವಾದ.”

ತಪ್ಪಾಯಿತೆಂದೆ. ಹಾಗಾದರೆ ಊರವರು ಮಹಾಲಯ ಅಮಾವಾಸ್ಯೆ ಎಂದು ಏಕೆ ಹೇಳುತ್ತಾರೆ ಎಂದು ಮೆಲ್ಲಗೆ ಕೇಳಿದೆ. ಅವನು ನನ್ನನ್ನು ತಿಳಿಗೇಡಿಯೆಂಬಂತೆ ನೋಡಿ ಹೇಳಿದ: ಹೆಣ ಸಿಕ್ಕಿದ್ದರೆ ಅಂದಿನ ದಿನವೇ ಅವನ ದಿನವಾಗುತ್ತಿತ್ತು. ಸಿಗಲಿಲ್ಲ. ದೂರದ ರಾರಾವಿಯ ಕಡೆ ಯಾರೋ ದಡ ಸೇರಿದ್ದಾರೆಂದು ಸುದ್ದಿ ಬಂತು, ಅಪ್ಪ ಅಲ್ಲಿಯವರೆಗೆ ಹುಡುಕಿ ಬಂದ. ಬಂದಾನು ಎಂದು ಕಾದರು. ಬದುಕಿದ್ದಾನೆಂದು ಕಾಯುತ್ತಿರುವವರು ಯಾವ ಬಾಯಿಂದ ಸತ್ತ ದಿನ ಹೇಳಬೇಕು? ಕಡೆಗೆ ದೊಡ್ಡವರು ಹೇಳಿದರು, ದಿನ ಇಲ್ಲದವರಿಗೆಲ್ಲ ಮಹಾಲಯ ಅಮಾವಾಸ್ಯೆಯೇ ದಿನ ಎಂದು.

ತಿರುಗಿ ಬರುವಾಗ ಗಾಡಿಯಲ್ಲಿ ನನ್ನಷ್ಟು ಸುಖಿ ಯಾರೂ ಇರಲಿಲ್ಲ. ಸುಳ್ಳು ಹುಟ್ಟಿದ ಬಸಿರನ್ನೇ ಹಿಡಿದಿದ್ದೆ. ಮೂರು ಸಲ, ಮೂರು ಬೇರೆ ದಿನ ಕೆರೆ ಒಡೆಯಿತು. ಮೂರು ಸಲವೂ ಸಿಗದೆ ಹೋದವರಿಗೆ ಊರು ಒಂದೇ ದಿನ ಎಡೆ ಇಟ್ಟಿತು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಎಡೆಯ ದಿನವೇ ಒಡೆದ ದಿನವಾಯಿತು. ಚಾವಡಿಯಲ್ಲಿ ಎಲ್ಲಿ ನಿಲ್ಲಿಸಿ ಎಲ್ಲಿ ದನಿ ಏರಿಸಬೇಕೆಂದು ಕೂಡ ಮನಸ್ಸಿನಲ್ಲೇ ಹೇಳಿಕೊಂಡೆ.

ಎದುರಾಳಿ ಏನು ಕೇಳಬಹುದೆಂದು ಮೊದಲೇ ಯೋಚಿಸಿಟ್ಟುಕೊಳ್ಳುವುದು ಚರ್ಚಾಕೂಟದ ಅಭ್ಯಾಸ. ಅಕ್ಕನ ಜಾಗದಲ್ಲಿ ನಿಂತು ನನಗೆ ನಾನೇ ಕೇಳಿಕೊಂಡೆ: ಆ ದಿನ ಅಲ್ಲ, ಸರಿ. ಮತ್ತೆ ಯಾವ ದಿನ? ಪಣತಿ, ಚರಗ, ಸ್ವಾತಿ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನಗು ಹೋಯಿತು. ಮೂರೂ ಚಿತ್ತೆ, ಸ್ವಾತಿ ಮಳೆಗಳ ಒಳಗೇ ಬೀಳುತ್ತವೆ. ತಿಥಿ ಬೇರೆ ಬೇರೆ, ಕಾಲ ಒಂದೇ. ಉತ್ತರೆ, ಹಸ್ತ ಮಳೆಗಳಿಗೆ ಕೆರೆ ತುಂಬಿ ನಿಂತಿರುತ್ತದೆ, ಎರೆಭೂಮಿ ಕುಡಿದು ಸಾಕಾಗಿರುತ್ತದೆ. ಆಗ ಮೂಡಲಿಂದ ಬಂದು ಕವಿಯುವ ಮಳೆಗೆ ಹೋಗಲು ಜಾಗವಿರುವುದಿಲ್ಲ. ಹಾಗಿದ್ದ ಮೇಲೆ ಅದಕ್ಕೆ ಕೆಲವು ವಾರ ಮೊದಲು ಕೆರೆಯನ್ನು ನಾಲ್ಕು ಮೆಟ್ಟಿಲು ಇಳಿಸಿಡುವುದು ಎಂಥ ಕೆಲಸ?

ಕಾರಣ ಸುಳ್ಳು, ಕೆಲಸ ಸರಿ. ಇಂಥ ಪಕ್ಷವನ್ನು ನಮಗೆ ಯಾರೂ ಕಲಿಸಿರಲಿಲ್ಲ.

ಊರು ಸೇರಿದ ಮರುಬೆಳಿಗ್ಗೆ ಗದ್ದೆಗಳ ಸರದಿಯಿದ್ದು ನೀರಗಂಟಿ ತೂಬನ್ನು ಪೂರ್ತಿ ತೆರೆದಿದ್ದ. ನಾನು ನೀರಿಗಿಳಿದು, ತೂಬಿನ ಕಲ್ಲುಕಂಬಕ್ಕೆ ನೀರು ತಾಗುವ ಕಡೆ ಸುಣ್ಣದ ಗೆರೆ ಎಳೆದೆ. ಸಂಜೆ ನೋಡಿದರೆ ಗೆರೆಯ ಕೆಳಗೆ ಒದ್ದೆ ಕಲ್ಲು ಕಂಡದ್ದು ನಾಲ್ಕು ಬೆರಳಗಲ. ಹಗಲಿಡೀ ತೆರೆದರೂ ಇಷ್ಟೇ. ಮಳೆ ಶುರುವಾದ ಮೇಲೆ ತೆರೆದರೆ ಬರುವ ನೀರಿಗೆ ಹೋಗುವ ನೀರು ಯಾವ ಲೆಕ್ಕಕ್ಕೂ ಇಲ್ಲ. ಇಳಿಸುವುದಾದರೆ ಈಗಲೇ, ಆಕಾಶ ಬೋಳಾಗಿರುವಾಗಲೇ.

ಚತುರ್ದಶಿಯ ಬೆಳಿಗ್ಗೆ ಅಕ್ಕ ಏರಿಯ ಮೇಲೆ ಸಿಕ್ಕಳು. ನಾನು ಸಿರುಗುಪ್ಪೆಗೆ ಹೋಗಿ ಬಂದ ಸುದ್ದಿ ಅವಳಿಗೆ ಮುಟ್ಟಿತ್ತು. ನನ್ನ ಮುಖ ನೋಡಿಯೇ ಉತ್ತರ ಓದಿಕೊಂಡಳೆಂದು ಕಾಣುತ್ತದೆ.

“ಹೌದು ಅಂದುಬಿಡ್ರಿ. ಒಂದ ಮಾತು. ಪಂಚಾಂಗದವರು ಹೌದು ಅಂದ್ರ ಗೌಡರು ಇಲ್ಲ ಅನ್ನಂಗಿಲ್ಲ. ನಿಮ್ಮ ಗಂಟೇನು ಹೋಗತೈತಿ?”

“ಅದು ಖರೆ ಅಲ್ಲಕ್ಕ.”

“ಖರೆ ನಿಮ್ಮ ಕಡಿ ಇರ್ಲಿ. ನಮ್ಮ ಮನಿ ಇಲ್ಲಿ ಕೆಳಗ ಅದಾವು.”

ಏರಿ ಇಳಿದು ಚಾವಡಿಯ ಕಡೆ ನಡೆದೆ. ಅವಳು ಕೇಳಿದ್ದು ನಿಜವಾಗಿ ಒಂದೇ ಶಬ್ದ. ಅದನ್ನು ಅಂದರೆ ತೂಬು ಎತ್ತುತ್ತಾರೆ, ಓಣಿ ಉಳಿಯುತ್ತದೆ, ಯಜಮಾನರಿಗೆ ದಪ್ಪಕ್ಷರದ ಸಾಲು ಸಿಗುತ್ತದೆ. ಆದರೆ ಹಾಗೆ ಉಳಿಸಿದ್ದು ಎಷ್ಟು ದಿನ ಬಾಳುತ್ತದೆ? ನಾಳೆ ನನ್ನಂಥವನೇ ಒಬ್ಬ ಬಂದು, ಬೆಳದಿಂಗಳ ಸಾಕ್ಷಿ ಹಿಡಿದು ಸುಳ್ಳೆಂದು ತೋರಿಸಿದರೆ ಅಂದಿಗೆ ತೂಬು ಮುಚ್ಚಿತು. ನಾನೇ ಒಡೆಯಬಲ್ಲ ಗೋಡೆಯನ್ನು ಅವರ ಬೆನ್ನಿಗೆ ನಿಲ್ಲಿಸುವುದಿಲ್ಲ ಎಂದು ಚಾವಡಿಯ ಮೆಟ್ಟಿಲು ಹತ್ತುವಾಗ ತೀರ್ಮಾನ ಮಾಡಿದೆ. ಬೇರೆ ದಾರಿ ಯಾವುದೆಂದು ಆಗಲೂ ಪೂರ್ತಿ ಗೊತ್ತಿರಲಿಲ್ಲ.

ಚಾವಡಿ ತುಂಬಿತ್ತು. ನಡುವೆ ಗೌಡರು, ಅವರ ಬಲಗಡೆ ಜಮಖಾನೆಯ ಮೇಲೆ ರಾಯರು, ಕಂಬಗಳಾಚೆ ಕೆಳಗೇರಿಯ ಗಂಡಸರು, ಬೇವಿನ ಮರದ ಕೆಳಗೆ ಹೆಂಗಸರು. ರಾಯರು ಮೊದಲೇ ಕಟ್ಟು ಹಾಕಿದರು. ಬಳಸುಮಾತು ಬೇಡ, ಕೇಳಿದ್ದಕ್ಕೆ ಹೌದು ಅಥವಾ ಇಲ್ಲ. ಕೆರೆ ಮಹಾಲಯ ಅಮಾವಾಸ್ಯೆಯಂದು ಒಡೆದದ್ದು ಹೌದೋ, ಅಲ್ಲವೋ?

ಅಲ್ಲ ಎಂದೆ. ಮೂರು ಸಲದಲ್ಲಿ ಒಂದು ಸಲವೂ ಅಲ್ಲ.

ಕಂಬಗಳಾಚೆಯವರು ತಲೆ ತಗ್ಗಿಸಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ರಾಯರು ಶಲ್ಯ ಸರಿಮಾಡಿಕೊಂಡು ಏಳಲು ಹೊರಟರು. ಪ್ರಶ್ನೆ ಕೇಳಿಸಿಕೊಂಡವನಿಗೆ ತಿರುಗಿ ಕೇಳುವ ಹಕ್ಕಿದೆ, ಅದನ್ನು ಕೊಡದೆ ವಾದ ಮುಗಿಯುವುದಿಲ್ಲ ಎಂದು ಗೌಡರ ಕಡೆ ನೋಡಿ ಹೇಳಿದೆ. ಗೌಡರಿಗೆ ಈ ನಿಯಮ ಗೊತ್ತಿರಲಿಕ್ಕಿಲ್ಲ, ಆದರೂ ತೀರ್ಪು ಮುಂದೂಡುವ ಯಾವುದಕ್ಕೂ ಅವರು ಒಪ್ಪುವವರೇ. ಕೇಳಲಿ ಎಂದರು.

“ರಾಯರ, ನಿಮ್ಮ ದೊಡ್ಡಪ್ಪನವರ ಶ್ರಾದ್ಧ ಯಾವತ್ತು?”

“ಅದು ಮನೀ ಮಾತು. ಇಲ್ಲಿಗ್ಯಾಕ?”

“ಹೌದು, ಇಲ್ಲ ಅನ್ನೂದರಾಗ ಮುಗಿಯೋದಲ್ಲ ಅಂತ ಕೇಳ್ತೀನಿ. ಯಾವತ್ತು?”

ಅವರು ತಡೆದು ಹೇಳಿದರು, “ನಾಳೆ.”

“ಕೆರಿ ಒಡದದ್ದು ಸೀಗಿ ಹುಣ್ಣಿಮಿಗೆ. ಬೆಳದಿಂಗಳಾಗ ಎತ್ತು ತೇಲಿ ಹೋದದ್ದನ್ನ ನೋಡಿದವರು ಸಿರುಗುಪ್ಪಿಯೊಳಗ ಇನ್ನೂ ಬದುಕ್ಯಾರ. ಹುಣ್ಣಿಮಿಗೆ ಹೋದವರಿಗೆ ಅಮಾವಾಸ್ಯಿಗೆ ಶ್ರಾದ್ಧ ಮಾಡೋದು ಸುಳ್ಳೇನು?”

ರಾಯರು ನನ್ನನ್ನು ನುಂಗುವಂತೆ ನೋಡಿದರು. ಶ್ರಾದ್ಧದಲ್ಲಿ ನನಗೆ ನಂಬಿಕೆಯಿಲ್ಲವೆಂದು ಊಟದ ಹೊತ್ತಿನಲ್ಲಿ ನಾನೇ ಬಡಾಯಿ ಕೊಚ್ಚಿಕೊಂಡಿದ್ದೆ. ಆದರೆ ಈಗ ನಡೆದದ್ದು ನನ್ನ ನಂಬಿಕೆಯ ಮಾತಲ್ಲ.

“ಸುಳ್ಳಲ್ಲ,” ಎಂದರು. “ಅವರು ಹೋದರು ಅಂತ ನಮ್ಮಜ್ಜಿ ಒಪ್ಪಲೇ ಇಲ್ಲ. ಎಲಿ ಹಾಕಸ್ತಿದ್ಲು. ಕಡೀಕ ಒಂದು ವರ್ಷ ಮಹಾಲಯದಾಗ ಅಕೀನ ಅಂದ್ಲು, ಇನ್ನ ಎಲಿ ಬ್ಯಾಡ, ಪಿಂಡ ಇಡ್ರಿ ಅಂತ.”

ನನಗೆ ಬೇಕಾದ ನೆಲ ಕಾಲಡಿಗೆ ಬಂದಿತ್ತು. ದನಿ ಏರಿಸಬೇಕೆಂದು ಗಾಡಿಯಲ್ಲಿ ಗೊತ್ತುಮಾಡಿಕೊಂಡಿದ್ದೆ, ಏರಿಸಲು ಮನಸ್ಸಾಗಲಿಲ್ಲ. ನಾಳೆ ಕೆರೆ ಒಡೆದ ದಿನವಲ್ಲ, ಕೆರೆಯಲ್ಲಿ ಹೋದವರನ್ನು ಇನ್ನು ಕಾಯುವುದಿಲ್ಲವೆಂದು ಈ ಊರಿನ ಒಂದೊಂದು ಮನೆಯೂ ಒಪ್ಪಿಕೊಂಡ ದಿನ ಎಂದೆ. ಅಂದು ತೂಬು ಎತ್ತುವುದನ್ನು ಯಾರು ಹಾಕಿಕೊಟ್ಟರೋ ಗೊತ್ತಿಲ್ಲ. ಒಡೆಯುವ ದಿನವೆಂದು ಎತ್ತಿದರೆ ಅದು ಸುಳ್ಳು, ಮೂರು ಸಲವೂ ಒಡೆದದ್ದು ಮುಂದೆ ಚಿತ್ತೆ ಸ್ವಾತಿ ಮಳೆಗಳಲ್ಲಿ. ಮತ್ತೆ ಯಾರೂ ಹಾಗೆ ಹೋಗಬಾರದೆಂದು ಎತ್ತಿದರೆ ಅದರಲ್ಲಿ ಸುಳ್ಳೆಲ್ಲಿದೆ ಎಂದು ಕೇಳಿದೆ.

ರಾಯರು ಕರಣಂ, ಅಷ್ಟಕ್ಕೆ ಸೋಲುವವರಲ್ಲ. ನೀನೇ ಹೇಳಿದ ಹಾಗೆ ಅಪಾಯ ಇರುವುದು ಚಿತ್ತೆ ಸ್ವಾತಿಯಲ್ಲಿ, ಹಾಗಾದರೆ ಆಗಲೇ ಎತ್ತೋಣ, ಈಗ ಒಳಗೇ ತೆನೆ ಕಟ್ಟುತ್ತಿರುವ ಹೊಟ್ಟೆಕದಿರಿನ ಭತ್ತಕ್ಕೆ ನೀರು ಬೇಕು ಎಂದರು. ಒಳ್ಳೆಯ ಪೆಟ್ಟು. ನಾನು ಎಲ್ಲರನ್ನೂ ಏರಿಯ ಮೇಲೆ ಕರೆದುಕೊಂಡು ಹೋಗಿ ಸುಣ್ಣದ ಗೆರೆ ತೋರಿಸಿದೆ. ಹಗಲಿಡೀ ತೆರೆದದ್ದಕ್ಕೆ ನಾಲ್ಕು ಬೆರಳು. ಗೌಡರು ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕುಳಿತು ತಮ್ಮದೇ ಬೆರಳು ಇಟ್ಟು ನೋಡಿದರು. ಆಮೇಲೆ ರಾಯರ ಮುಖ ನೋಡಿದರು.

“ಎತ್ತಲಿ. ಆದ್ರ ಎರಡ ಮೆಟ್ಟಿಲು. ಮೂರನೇದು ಕಂಡಿತೋ, ಗೂಟ ನಾನ ಹಾಕ್ತೀನಿ,” ಎಂದರು ರಾಯರು.

ಅಕ್ಕ ನಾಲ್ಕೇ ಎಂದಳು. ರಾಯರು ಎರಡೇ ಎಂದರು. ಭತ್ತವೂ ಸುಳ್ಳಲ್ಲ, ಅದನ್ನು ನಂಬಿದ ಒಕ್ಕಲುಗಳೂ ಇದ್ದರು. ನಾನು ಎರಡಕ್ಕೆ ಒಪ್ಪಿದೆ. ಹೋಗುವಾಗ ಅಕ್ಕ ನನ್ನ ಪಕ್ಕ ಬಂದು, ವಾದ ಗೆದ್ದಿರಿ, ಮೆಟ್ಟಿಲು ಸೋತಿರಿ ಎಂದು ಹೇಳಿ ಮುಂದೆ ನಡೆದಳು.

ಅಮಾವಾಸ್ಯೆಯಂದು ಗೂಟ ಎತ್ತಿದರು. ಎರಡು ಮೆಟ್ಟಿಲು ಬರಿದಾದ ಮೇಲೆ ರಾಯರು ಹೇಳಿದಂತೆಯೇ ನಿಂತು ಹಾಕಿಸಿದರು. ನಾನು ಬಳ್ಳಾರಿಗೆ ಬಂದೆ. ಚಿತ್ತೆ ಮಳೆ ಬಂದದ್ದು ಹೋದದ್ದು ಗೊತ್ತಾಗಲಿಲ್ಲ. ಸ್ವಾತಿ ಹುಟ್ಟಿದ ಮೇಲೆ ಮೂಡಗಾಳಿ ತಿರುಗಿತು. ಛಾಪಖಾನೆಯ ಕಾಗದವೆಲ್ಲ ತಣ್ಣಗಾಗಿ ಮಸಿ ಹಿಡಿಯದಂತಾಯಿತು. ಕೋಟೆಗುಡ್ಡ ಮೋಡದಲ್ಲಿ ಮುಚ್ಚಿದ್ದು ನೋಡಿ ನಾನು ಯಜಮಾನರಿಗೆ ಹೇಳಿ ಹೊರಟೆ. ಕೆರೆ ಕಾಯಲು ನಿನಗೆ ಯಾರು ಸಂಬಳ ಕೊಡುತ್ತಾರೆ ಎಂದು ಅವರು ಕೇಳುವಾಗ ನಾನು ಜೋಡು ಮೆಟ್ಟುತ್ತಿದ್ದೆ.

ಕುರುಗೋಡಿನಿಂದ ಮುಂದೆ ಗಾಡಿ ನಡೆಯಲಿಲ್ಲ, ನಾನು ನಡೆದೆ. ಬೆಳಕು ಹರಿಯುವ ಹೊತ್ತಿಗೆ ಏರಿ ಮುಟ್ಟಿದಾಗ ಕೋಡಿ ಹರಿಯುವ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ತೂಬಿನ ಮೆಟ್ಟಿಲುಗಳು ಎಲ್ಲಿದ್ದವೆಂದೇ ತಿಳಿಯದಂತೆ ನೀರು. ಏರಿಯ ಹಣೆಗೆ, ಅಂದರೆ ಅದರ ಮೇಲಂಚಿಗೆ, ನೀರಿನಿಂದ ಒಂದು ಗೇಣು ಉಳಿದಿತ್ತು. ಕೆಳಗೇರಿಯವರು ಜೋಳದ ಚೀಲ, ಮುದುಕರು, ಆಡುಗಳೊಂದಿಗೆ ಗುಡ್ಡದ ಬದಿ ಹತ್ತಿ ಕುಳಿತಿದ್ದರು. ಗಂಡಸರು ಏರಿಯ ಬುಡದಲ್ಲಿದ್ದರು. ಒಂದು ಕಡೆ ನೀರು ಜಿನುಗಲು ಹತ್ತಿತ್ತು.

ಜಿನುಗುವ ಎಲ್ಲ ನೀರೂ ಕೆಟ್ಟದ್ದಲ್ಲ. ತಿಳಿಯಾಗಿ ಬಂದರೆ ಏರಿ ಬೆವರುತ್ತಿದೆ ಎಂದರ್ಥ. ಕೆಂಪಗೆ ಬಂದರೆ ಒಳಗಿನ ಮಣ್ಣು ಕರಗಿ ಬರುತ್ತಿದೆ ಎಂದರ್ಥ, ಆಮೇಲೆ ಓಡುವುದೊಂದೇ ಉಳಿಯುತ್ತದೆ. ಆ ಮೋಡದ ಬೆಳಕಿನಲ್ಲಿ ಬಣ್ಣ ತಿಳಿಯಲೊಲ್ಲದು. ಒಬ್ಬ ತಿಳಿ ಎಂದ, ಇನ್ನೊಬ್ಬ ಕೆಂಪು ಎಂದ. ನಾನು ನನ್ನ ಬಿಳಿಯ ಶಲ್ಯದ ಸೆರಗನ್ನು ಜಿನುಗಿಗೆ ಹಿಡಿದೆ. ಎಲ್ಲರೂ ಬಗ್ಗಿದರು. ಬಟ್ಟೆ ತೊಯ್ದಿತು, ಬಣ್ಣ ಹತ್ತಲಿಲ್ಲ. ಜೋಳದ ದಂಟು ಹಾಸಿ, ಅದರ ಮೇಲೆ ಗರಸಿನ ಸಣ್ಣ ಕಲ್ಲು ಬಡಿದು, ನೀರು ಹೊರಗೆ ಬರಲಿ ಮಣ್ಣು ಬರದಿರಲಿ ಎಂಬಂತೆ ಮುಚ್ಚಿದರು. ಮತ್ತೆ ಸೆರಗು ಹಿಡಿದೆ. ಮತ್ತೆ ಬಿಳಿ. ಬುಟ್ಟಿ ಸಾಗಿಸುವವರ ಸಾಲಿನಲ್ಲಿ ರಾಯರ ಗದ್ದೆಯ ಆಳುಗಳೂ ಇದ್ದರು. ರಾಯರು ಮೇಲೆ, ಏರಿಯ ಹಣೆಯ ಮೇಲೆ, ಕೊಡೆ ಹಿಡಿದು ಕೋಡಿಯನ್ನೇ ನೋಡುತ್ತ ನಿಂತಿದ್ದರು.

ಹೊತ್ತೇರಿದ ಮೇಲೆ ಮಳೆ ಸಣ್ಣದಾಯಿತು, ಆಮೇಲೆ ನಿಂತಿತು. ಗೇಣು ಗೇಣಾಗಿಯೇ ಉಳಿದು, ಮಧ್ಯಾಹ್ನದ ಹೊತ್ತಿಗೆ ಒಂದೂವರೆ ಗೇಣಾಯಿತು. ನಾನು ಮೇಲೆ ಹತ್ತಿ ಹೋದೆ. ರಾಯರು ಕೊಡೆ ಮಡಿಚಿದರು.

“ಎರಡು ಮೆಟ್ಟಿಲು ಬಿಡದಿದ್ರೂ ಏರಿ ನಿಲ್ತಿತ್ತು. ಕೋಡಿ ಇನ್ನಷ್ಟು ಮೊದ್ಲ ಬೀಳ್ತಿತ್ತು, ಅಷ್ಟ. ನಿಲ್ತಿದ್ದಿಲ್ಲ ಅಂತ ಸಾಧಿಸು ನೋಡೋಣ.”

ಸಾಧಿಸಲು ಬರುವುದಿಲ್ಲ. ಅದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಎರಡು ಮೆಟ್ಟಿಲ ನೀರು ಒಳಗಿದ್ದಿದ್ದರೆ ಆ ಗೇಣು ಉಳಿಯುತ್ತಿತ್ತೋ ಇಲ್ಲವೋ ಎಂದು ನೋಡಲು ಅದೇ ದಿನ ಇನ್ನೊಮ್ಮೆ ಬರಬೇಕು. ಅದಕ್ಕೆ ಪ್ರತಿಯಾಗಿ ನೀವೂ ನಿಲ್ಲುತ್ತಿತ್ತೆಂದು ಸಾಧಿಸಲಾರಿರಿ ಎನ್ನಬಹುದಿತ್ತು. ಬಾಯಿ ತೆರೆದೆ.

ಗುಡ್ಡದ ಬದಿಯಿಂದ ಜನ ಇಳಿಯುತ್ತಿದ್ದರು. ಅಕ್ಕ ಒಂದು ಜೋಳದ ಚೀಲವನ್ನು ಎಳೆದುಕೊಂಡು ನಮ್ಮ ಮುಂದೆಯೇ ಬಂದು, ದಾರಿ ಬಿಡಿ ಎನ್ನುವ ಹಾಗೆ ನಿಂತಳು.

“ಸಾಧಿಸೋದು ಆಮ್ಯಾಲೆ ಮಾಡೀರಂತ, ರಾಯರ. ಮನಿ ಒಲಿ ಹೊತ್ತಿಸಬೇಕು. ಎತ್ತಾಕ ಒಂದ ಕೈ ಕಡಿಮಿ ಐತಿ.”

ಕೆಳಗೆ ಒಂದು ಮಾಳಿಗೆಯ ಬೆಳಕಿಂಡಿಯಿಂದ ಆಗಲೇ ಹೊಗೆ ಬರುತ್ತಿತ್ತು, ಹಸಿ ಕಟ್ಟಿಗೆಯ ದಟ್ಟ ಹೊಗೆ. ರಾಯರು ನನ್ನ ಉತ್ತರಕ್ಕೆ ಕಾಯುತ್ತಿದ್ದರು. ನಾನು ಚೀಲದ ಇನ್ನೊಂದು ತುದಿ ಹಿಡಿದು ಅವಳ ಹಿಂದೆ ಇಳಿದೆ.